ಸರಕಾರ ಕಟ್ಟಬೇಕಾದ ಬಡ್ಡಿ, ಬಡವನ ಜೇಬಿನಿಂದ!

ಸಿಇಟಿ ಫಲಿತಾಂಶ ಬಂದ ವಾರ ದಾವಣಗೆರೆ ಪೇಟೆಯಲ್ಲಿ ಎರಡು ಥರದ ಜನ ಕಾಣಿಸುತ್ತಾರೆ. ಪೇಡೆ ಡಬ್ಬಿ ಹಿಡಿದು ನೆಂಟರ ಮನೆಗೆ ಹೋಗುವವರು ಒಂದು ಥರ. ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡು, ಆಧಾರ್ ಕಾರ್ಡು, ಪಾಸ್ ಪುಸ್ತಕ ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತುವವರು ಇನ್ನೊಂದು ಥರ. ಬಹಳ ಸಲ ಇಬ್ಬರೂ ಒಂದೇ ಮನೆಯವರು. ಸೋಮವಾರ ಪೇಡೆ, ಮಂಗಳವಾರ ಬ್ಯಾಂಕು.

ಮಂಡಿಪೇಟೆಯ ಒಂದು ಕಿರಾಣಿ ಅಂಗಡಿ. ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ-ಮೆಣಸಿನಕಾಯಿ ಗಾಡಿ ಇಟ್ಟಿರುವ ಹೆಣ್ಣುಮಗಳು ಬಂದು ನಿಂತಿದ್ದಾಳೆ. ಹತ್ತು ವರ್ಷದಿಂದ ಎಣ್ಣೆ, ಕಡ್ಲೆಹಿಟ್ಟು ಇದೇ ಅಂಗಡಿಯಲ್ಲಿ. ಬಾಕಿ ಉಳಿಸಿಕೊಂಡವಳಲ್ಲ. ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ.

"ಸಾವ್ಕಾರ್ರೆ, ಒಂದ್ ಸಹಿ ಬೇಕಿತ್ರಿ."

"ಎಂಥಾ ಸಹಿ ಯಕ್ಕ?"

"ಹುಡುಗನ ಸಾಲಕ್ಕೆ. ನಾಕ್ ಲಕ್ಷ ಕೊಡ್ತಾರಂತೆ. ಜಾಮೀನು ಹಾಕೋರು ಯಾರಾದ್ರೂ ಇದ್ರೆ ಕರ್ಕಂಡ್ ಬಾ ಅಂದ್ರು ಬ್ಯಾಂಕಿನಾಗೆ."

ಸಾಹುಕಾರರು ತಕ್ಕಡಿ ನೋಡಿದರು, ಗಲ್ಲಾಪೆಟ್ಟಿಗೆ ನೋಡಿದರು, ಕೊನೆಗೆ ರಸ್ತೆ ನೋಡಿದರು. ಕೆಟ್ಟ ಮನುಷ್ಯರಲ್ಲ. ಆದರೆ ಹಿಂದೊಮ್ಮೆ ಷಡ್ಡಕನ ಸಾಲಕ್ಕೆ ಸಹಿ ಹಾಕಿ ನೋಟಿಸು ಕಂಡವರು. "ಹಬ್ಬ ಕಳೀಲಿ ಯಕ್ಕ, ನೋಡಾನ" ಅಂದರು. ಹಬ್ಬ ಕಳೆಯುವುದರೊಳಗೆ ಕಾಲೇಜಿಗೆ ಫೀಸು ಕಟ್ಟುವ ಗಡುವೂ ಕಳೆಯುತ್ತದೆ ಎಂಬುದು ಇಬ್ಬರಿಗೂ ಗೊತ್ತು. ಆಕೆ "ಆಗ್ಲಿ ಬಿಡ್ರಿ" ಎಂದು ಹೊರಟಳು.

ಇಲ್ಲಿರುವ ತಮಾಷೆ ಏನು ಗೊತ್ತೇ? ಆ ಸಹಿಯೇ ಬೇಕಿರಲಿಲ್ಲ!

ಜಾಮೀನು ಕೇಳುವಂತಿಲ್ಲ

ಶಿಕ್ಷಣ ಸಾಲ 4 ಲಕ್ಷ ರೂಪಾಯಿವರೆಗೆ ಇದ್ದರೆ ಯಾವ ಬ್ಯಾಂಕೂ ಆಸ್ತಿ ಅಡಮಾನ ಕೇಳುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ಕಟ್ಟಪ್ಪಣೆ. ಬ್ಯಾಂಕುಗಳ ಸಂಘವೇ ಮಾಡಿಕೊಂಡಿರುವ ಮಾದರಿ ಯೋಜನೆಯ ಪ್ರಕಾರ ಆ ಮಟ್ಟದ ಸಾಲಕ್ಕೆ ಮೂರನೆಯವರ ಜಾಮೀನೂ ಬೇಡ. ತಂದೆಯೋ ತಾಯಿಯೋ ಜತೆ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. 4 ಲಕ್ಷದವರೆಗೆ ಕೈಯಿಂದ ಹಾಕುವ ಪಾಲು, ಅಂದರೆ ಮಾರ್ಜಿನ್ ಹಣ, ಅದೂ ಇಲ್ಲ.

2015ರಲ್ಲಿ ಕೇಂದ್ರ ಸರಕಾರ ಶಿಕ್ಷಣ ಸಾಲಕ್ಕೆಂದೇ ಖಾತರಿ ನಿಧಿ ಮಾಡಿತು. ಈ ನಿಧಿಯಡಿ ಬಂದ ಸಾಲಕ್ಕೆ 7.5 ಲಕ್ಷದವರೆಗೂ ಅಡಮಾನ, ಜಾಮೀನು ಎರಡೂ ಬೇಕಿಲ್ಲ. ಹುಡುಗ ಕಟ್ಟದೆ ಕೈಕೊಟ್ಟರೆ ಬಾಕಿಯ ಶೇ. 75ರಷ್ಟನ್ನು ನಿಧಿಯೇ ಬ್ಯಾಂಕಿಗೆ ತುಂಬಿಕೊಡುತ್ತದೆ. ಅಂದರೆ ಮಂಡಿಪೇಟೆ ಸಾಹುಕಾರರು ಹಾಕಬೇಕಿದ್ದ ಜಾಮೀನನ್ನು ದೆಹಲಿ ಸರಕಾರ ಆಗಲೇ ಹಾಕಿ ಕೂತಿದೆ!

"ನಿಮ್ಮ ಮನೆ ಈ ಶಾಖೆಯ ವ್ಯಾಪ್ತಿಗೆ ಬರಲ್ಲ" ಎಂಬುದು ಇನ್ನೊಂದು ಹಳೆ ಮಂತ್ರ. 2012ರ ನವೆಂಬರಿನಲ್ಲೇ ರಿಸರ್ವ್ ಬ್ಯಾಂಕು ಸುತ್ತೋಲೆ ಕಳಿಸಿ, ವ್ಯಾಪ್ತಿಯ ನೆಪದಲ್ಲಿ ಶಿಕ್ಷಣ ಸಾಲದ ಅರ್ಜಿ ತಳ್ಳಬೇಡಿ ಎಂದಿದೆ. "ಅಪ್ಪನ ಸಿಬಿಲ್ ಅಂಕ ಕೆಟ್ಟಿದೆ" ಎನ್ನುವುದು ಹೊಸ ಮಂತ್ರ. ಸಿಬಿಲ್ ಅಂಕ ಕಡಿಮೆ ಎಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿಯ ಅರ್ಜಿ ತಿರಸ್ಕರಿಸುವುದು ಸಲ್ಲ ಎಂದು 2023ರಲ್ಲಿ ಕೇರಳ ಹೈಕೋರ್ಟು ಹೇಳಿದೆ. ಅದು ನೆರೆ ರಾಜ್ಯದ ತೀರ್ಪು, ನಿಜ. ಆದರೆ ನ್ಯಾಯ ಘಟ್ಟದ ಆ ಕಡೆ ಒಂದು, ಈ ಕಡೆ ಒಂದು ಇರುತ್ತದೆಯೇ?

ಅರ್ಜಿ ತಳ್ಳುವುದಾದರೆ ಬಾಯಿಮಾತಲ್ಲಿ ತಳ್ಳುವಂತಿಲ್ಲ. ಮೇಲಧಿಕಾರಿಯ ಒಪ್ಪಿಗೆ ಬೇಕು, ಕಾರಣ ತಿಳಿಸಬೇಕು. ಆದರೆ ಕೌಂಟರಿನಲ್ಲಿ ನಡೆಯುವುದೇ ಬೇರೆ. ಅರ್ಜಿ ತೆಗೆದುಕೊಂಡರೆ ತಾನೇ ತಿರಸ್ಕರಿಸುವ ಪ್ರಶ್ನೆ? "ಮುಂದಿನ ವಾರ ಬಾರಮ್ಮ" ಎಂದರೆ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಮುಂದಿನ ವಾರ ಹೋದರೆ ಸಾಲದ ಸೆಕ್ಷನ್ನಿನವರು ರಜಾ.

ಬಡ್ಡಿಯ ಲೆಕ್ಕ ಕೇಳಿ

ಸಾಲ ಸಿಕ್ಕಿತೆಂದೇ ಇಟ್ಟುಕೊಳ್ಳಿ. ನಿಜವಾದ ಪೆಟ್ಟು ಬೀಳುವುದು ಆಮೇಲೆ. ಅಂಗಡಿಕಾರರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಆದರೂ ಪೆನ್ಸಿಲ್ ಕೈಗೆ ತಗೊಳ್ಳಿ.

ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷಕ್ಕೆ 4 ಲಕ್ಷ ಸಾಲ. ಬಡ್ಡಿ ಶೇ. 10 ಅಂತ ಹಿಡಿಯಿರಿ. ಓದುವ ನಾಲ್ಕು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಕಟ್ಟಬೇಕಾಗಿಲ್ಲ ಎಂದರೆ ಬಡ್ಡಿ ಇಲ್ಲ ಅಂತಲ್ಲ! ಅದು ಸುಮ್ಮನೆ ಬೆಳೆಯುತ್ತಿರುತ್ತದೆ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000. ಎರಡನೆಯದಕ್ಕೆ 40,000. ಮೂರನೆಯದಕ್ಕೆ 30,000. ನಾಲ್ಕನೆಯದಕ್ಕೆ 20,000. ಒಟ್ಟು 1,40,000 ರೂಪಾಯಿ. ಹುಡುಗ ಮೊದಲ ಸಂಬಳ ಕಾಣುವ ಹೊತ್ತಿಗೆ 4 ಲಕ್ಷದ ಸಾಲ 5 ಲಕ್ಷ 40 ಸಾವಿರ ಆಗಿ ಕೂತಿರುತ್ತದೆ.

ಹತ್ತು ವರ್ಷದ ಕಂತು ಮಾಡಿದರೆ 4 ಲಕ್ಷಕ್ಕೆ ತಿಂಗಳಿಗೆ ಹತ್ತಿರ ಹತ್ತಿರ 5,290 ರೂಪಾಯಿ. 5 ಲಕ್ಷ 40 ಸಾವಿರಕ್ಕೆ 7,140. ತಿಂಗಳಿಗೆ 1,850 ರೂಪಾಯಿ ವ್ಯತ್ಯಾಸ, ಹತ್ತು ವರ್ಷ! ಒಟ್ಟು 2 ಲಕ್ಷ 22 ಸಾವಿರ. ಮಂಡಕ್ಕಿ ಗಾಡಿಯಲ್ಲಿ ಅಷ್ಟು ಉಳಿಸಬೇಕಾದರೆ ಎಷ್ಟು ಸಾವಿರ ಪ್ಲೇಟು ಮಾರಬೇಕು? ಲೆಕ್ಕ ಹಾಕಿ.

ಇಷ್ಟು ಹೇಳಿದ್ದು ಯಾಕೆಂದರೆ, ಮನೆಯ ವರಮಾನ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ ಆ 1,40,000 ಬಡ್ಡಿಯನ್ನು ಕಟ್ಟಬೇಕಾದವರು ಆಕೆಯೂ ಅಲ್ಲ, ಮಗನೂ ಅಲ್ಲ. ಕೇಂದ್ರ ಸರಕಾರ! 2009ರಿಂದಲೇ ಬಡ್ಡಿ ಸಹಾಯಧನದ ಯೋಜನೆ ಇದೆ. ಇಂಜಿನಿಯರಿಂಗ್, ಮೆಡಿಕಲ್ ಥರದ ತಾಂತ್ರಿಕ, ವೃತ್ತಿಪರ ಕೋರ್ಸು ಆಗಿರಬೇಕು. ದೇಶದೊಳಗಿನ ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದುತ್ತಿರಬೇಕು. ಮಾದರಿ ಯೋಜನೆಯಡಿ ಸಾಲ ತೆಗೆದಿರಬೇಕು. ಓದಿನ ಕಾಲ ಹಾಗೂ ಆಮೇಲಿನ ಒಂದು ವರ್ಷದ ಬಡ್ಡಿ ಪೂರ್ತಿ ಸರಕಾರದ್ದು. ಇದಕ್ಕೆ ನೋಡಲ್ ಬ್ಯಾಂಕು ಬೇರೆ ಯಾವುದೋ ದೇಶದ್ದಲ್ಲ, ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ನಮ್ಮ ಕೆನರಾ ಬ್ಯಾಂಕು.

ಬಿ.ಎ., ಬಿ.ಕಾಂ.ಗೆ ಇದು ಇಲ್ಲ. ಓದು ಅರ್ಧಕ್ಕೆ ಬಿಟ್ಟವರಿಗೂ ಇಲ್ಲ. ಸಾಲ ತೆಗೆದ ಮಾತ್ರಕ್ಕೆ ತಾನಾಗಿ ಬರುವುದೂ ಇಲ್ಲ. ವರಮಾನ ಪತ್ರ ಕೊಡಬೇಕು, ಬೇಡಿಕೆ ಹೋಗಬೇಕು. ಯಾರೂ ಹೇಳದಿದ್ದರೆ ಪತ್ರ ಕೊಡುವವರಿಲ್ಲ, ಪತ್ರ ಇಲ್ಲದಿದ್ದರೆ ಬೇಡಿಕೆ ಇಲ್ಲ, ಬೇಡಿಕೆ ಇಲ್ಲದಿದ್ದರೆ ಹಣ ಇಲ್ಲ. ನಾಡಕಚೇರಿಯ ಒಂದು ಹಾಳೆ ಸಕಾಲಕ್ಕೆ ಬ್ಯಾಂಕಿನ ಕಡತ ಸೇರದಿದ್ದ ತಪ್ಪಿಗೆ 1 ಲಕ್ಷ 40 ಸಾವಿರದ ದಂಡ!

2024ರ ನವೆಂಬರಿನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಎಂಬ ಇನ್ನೊಂದು ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಆಯ್ದ ಸಂಸ್ಥೆಗಳಲ್ಲಿ (ಶುರುವಿನಲ್ಲಿ 860) ಸೀಟು ಸಿಕ್ಕವರಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ. ವರಮಾನ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದಿನ ಕಾಲದ ಬಡ್ಡಿಯಲ್ಲಿ ಶೇ. 3 ರಿಯಾಯಿತಿ, ವರ್ಷಕ್ಕೆ ಒಂದು ಲಕ್ಷ ಮಂದಿಗೆ. ಒಳ್ಳೆಯದೇ. ಆದರೆ ಸೀಟು ಒಪ್ಪಿಕೊಳ್ಳುವ ಮೊದಲು ಕಾಲೇಜಿನ ಹೆಸರು ಆ ಪಟ್ಟಿಯಲ್ಲಿದೆಯೋ ಇಲ್ಲವೋ ನೋಡಿಕೊಳ್ಳಿ ಎಂದು ಮಂಡಕ್ಕಿ ಗಾಡಿಯ ತಾಯಿಗೆ ಹೇಳುವವರು ಯಾರು?

ರಾಜ್ಯದ ಬಾಗಿಲು ಎಷ್ಟೊಂದು!

ಬೆಂಗಳೂರು ಸರಕಾರ ಏನೂ ಕೊಡುವುದಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಕೊಡುತ್ತದೆ. 'ಅರಿವು' ಎಂಬ ಶಿಕ್ಷಣ ಸಾಲ ಇದೆ. ಸಿಇಟಿ ಮೂಲಕ ವೃತ್ತಿ ಕೋರ್ಸಿಗೆ ಸೇರಿದವರಿಗೆ. ಹಿಂದುಳಿದ ವರ್ಗದವರಿಗೆ ಡಿ. ದೇವರಾಜ ಅರಸು ನಿಗಮ ವರ್ಷಕ್ಕೆ 1 ಲಕ್ಷದವರೆಗೆ ಶೇ. 2ರ ಬಡ್ಡಿಗೆ ಕೊಡುತ್ತದೆ. ಅಲ್ಪಸಂಖ್ಯಾತರಿಗೆ ಅವರದೇ ನಿಗಮದಿಂದ ಶೇ. 2ರ ಸೇವಾ ಶುಲ್ಕಕ್ಕೆ. ಬ್ಯಾಂಕಿನ ಶೇ. 10 ಎಲ್ಲಿ, ಈ ಶೇ. 2 ಎಲ್ಲಿ!

ಆದರೆ ಒಂದೊಂದು ಸಮುದಾಯಕ್ಕೆ ಒಂದೊಂದು ನಿಗಮ. ವಿಶ್ವಕರ್ಮರಿಗೊಂದು, ಉಪ್ಪಾರರಿಗೊಂದು, ಮರಾಠರಿಗೊಂದು, ವೀರಶೈವ ಲಿಂಗಾಯತರಿಗೊಂದು, ಒಕ್ಕಲಿಗರಿಗೊಂದು, ಆರ್ಯವೈಶ್ಯರಿಗೊಂದು. ವರಮಾನದ ಮಿತಿ ಒಬ್ಬರದು ಒಂದು, ಅರ್ಜಿಯ ಗಡುವು ಒಬ್ಬರದು ಒಂದು, ಅನುದಾನ ಬಂದಷ್ಟೇ ಜನಕ್ಕೆ ಸಾಲ. ಹಸಿವು ಎಲ್ಲರಿಗೂ ಒಂದೇ, ಊಟದ ಮನೆ ಮಾತ್ರ ಹತ್ತು ಕಡೆ.

ಸಾಲವಲ್ಲದ ನೆರವೂ ಇದೆ. ಪರಿಶಿಷ್ಟರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿ ವೇತನ. ಹಿಂದುಳಿದ ವರ್ಗದ ಹಾಸ್ಟೆಲಿನಲ್ಲಿ ಜಾಗ ಸಿಗದವರ ಊಟ, ವಸತಿಗೆ ವಿದ್ಯಾಸಿರಿ, ತಿಂಗಳಿಗೆ 1,500ರಂತೆ ಶುರುವಾದದ್ದು. ರೈತರ ಮಕ್ಕಳಿಗೆ 2021ರಲ್ಲಿ ಬಂದ ರೈತ ವಿದ್ಯಾನಿಧಿ, ಆಗ ನಿಗದಿಯಾದದ್ದು ಕೋರ್ಸು ನೋಡಿ ವರ್ಷಕ್ಕೆ 2,500ರಿಂದ 11,000. ಗಾರೆ ಕೆಲಸದವರ ಮಕ್ಕಳಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸಹಾಯ. ಓದು ಮುಗಿದು ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ಯುವನಿಧಿ, ತಿಂಗಳಿಗೆ 3,000, ಹೆಚ್ಚೆಂದರೆ ಎರಡು ವರ್ಷ. 2024ರ ಜನವರಿ 12ರಂದು ಪಕ್ಕದ ಶಿವಮೊಗ್ಗದಲ್ಲೇ ಚಾಲನೆ ಕೊಟ್ಟರು. ಮೇಲಿನ ಲೆಕ್ಕದ 5,290ರ ಕಂತಿಗೆ ಅರ್ಧಕ್ಕಿಂತ ಜಾಸ್ತಿ ಅದರಲ್ಲೇ ಹೋದೀತು.

ಹಾಗಾದರೆ ಕೊರತೆ ಯಾವುದರದು? ಹಣದ್ದು ಸ್ವಲ್ಪ ಇರಬಹುದು. ದೊಡ್ಡ ಕೊರತೆ ಎಂದರೆ ಇದನ್ನೆಲ್ಲ ಒಂದೇ ಕಡೆ ಕೂತು, ಕನ್ನಡದಲ್ಲಿ, ಸಿಡುಕದೆ ಹೇಳುವ ಒಬ್ಬ ಮನುಷ್ಯನದು.

ಪುಕ್ಕಟೆ ಟಿಕೆಟು, ಪುಕ್ಕಟೆ ಅಲೆದಾಟ

2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಅದರ ಜತೆಗೆ ಬಡವರ ಮನೆಯಲ್ಲಿ ಒಂದು ಬದಲಾವಣೆಯೂ ಆಗಿದೆ. ಕಚೇರಿ ಅಲೆಯುವ ಕೆಲಸ ಅಪ್ಪನ ಕೈಯಿಂದ ಅಮ್ಮನ ಕೈಗೆ ಬಂದಿದೆ. "ನಿಂಗೆ ಹೆಂಗೂ ಪುಕ್ಕಟೆ ಐತಲ್ಲ, ನೀನೇ ಹೋಗ್ಬಾ" ಎಂಬ ಮಾತು ಜಗಳೂರು, ಚನ್ನಗಿರಿ ಕಡೆಯಿಂದ ಬರುವ ಬಸ್ಸುಗಳಲ್ಲಿ ದಿನಾ ಕೇಳುತ್ತದೆ.

ಹೊತ್ತಾರೆ ಬಸ್ಸು ಹತ್ತಿ ಬಂದವಳು ಮೊದಲು ಬ್ಯಾಂಕಿಗೆ. ಅಲ್ಲಿ, ವರಮಾನ ಪತ್ರ ತಗೊಂಡು ಬಾ ಅಂತಾರೆ. ಅದು ಊರಿನ ನಾಡಕಚೇರಿಯಲ್ಲಿ. ನಿಗಮದಲ್ಲಿ ಕೇಳಿದರೆ ಸೇವಾ ಸಿಂಧುವಿನಲ್ಲಿ ಹಾಕು ಅಂತಾರೆ. ಸೇವಾ ಸಿಂಧು ಯಾವ ಬೀದಿಯಲ್ಲಿದೆ ಅಂತ ಆಕೆ ಕೇಳಿದರೆ ಗುಮಾಸ್ತರು ನಗುತ್ತಾರೆ. ಸೈಬರ್ ಅಂಗಡಿಗೆ ಹೋದರೆ ಸರ್ವರ್ ಇಲ್ಲ. ವಿದ್ಯಾರ್ಥಿ ವೇತನಕ್ಕೆ ಬೇರೆ ಪೋರ್ಟಲು, ಬ್ಯಾಂಕ್ ಸಾಲಕ್ಕೆ ಬೇರೆ ಪೋರ್ಟಲು. ಜಿಲ್ಲಾಡಳಿತ ಭವನ ಇರುವುದು ಕರೂರಿನಲ್ಲಿ, ಪೇಟೆಯಿಂದ ಆಟೋ ಹಿಡಿಯಬೇಕು. ಆಟೋದವನು ಶಕ್ತಿ ಯೋಜನೆ ಒಪ್ಪುವುದಿಲ್ಲ!

ಟಿಕೆಟು ಪುಕ್ಕಟೆ ಇರಬಹುದು, ಕೂಲಿ ಪುಕ್ಕಟೆಯಲ್ಲ. ನಾಲ್ಕು ಸಲ ಬಂದರೆ ನಾಲ್ಕು ದಿನದ ಕೂಲಿ ಹೋಯಿತು. ಐದನೇ ಸಲ ಆಕೆ ಬ್ಯಾಂಕಿಗೆ ಹೋಗುವುದಿಲ್ಲ. ಓಣಿಯ ಬಡ್ಡಿ ವ್ಯಾಪಾರಿಯ ಹತ್ತಿರ ಹೋಗುತ್ತಾಳೆ. ಅಲ್ಲಿ ಪೋರ್ಟಲ್ ಇಲ್ಲ, ಜಾಮೀನಿಲ್ಲ, ಸಂಜೆಯೊಳಗೆ ದುಡ್ಡು. ಕಿವಿಯೋಲೆ ಬಿಚ್ಚಿಟ್ಟರಾಯಿತು. ಬಲವಂತದ ವಸೂಲಿ ತಡೆಯಲು 2025ರಲ್ಲಿ ರಾಜ್ಯ ಕಾನೂನು ಮಾಡಿದೆ. ಆದರೆ ಜನ ಆ ಬಾಗಿಲಿಗೆ ಹೋಗುವುದು ಯಾಕೆ ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ.

ಬ್ಯಾಂಕಿನವರ ಮಾತೂ ಕೇಳೋಣ

ಮ್ಯಾನೇಜರುಗಳೆಲ್ಲ ಕಲ್ಲೆದೆಯವರಲ್ಲ. ಅವರ ಕಷ್ಟ ಅವರಿಗೆ. ಶಿಕ್ಷಣ ಸಾಲ ತೆಗೆದು ಊರು ಬಿಟ್ಟವರು ಇದ್ದಾರೆ. ಡಿಗ್ರಿ ಕೈಯಲ್ಲಿ ಹಿಡಿದು ಬೆಂಗಳೂರಲ್ಲಿ ಹದಿನೈದು ಸಾವಿರಕ್ಕೆ ದುಡಿಯುತ್ತ ಕಂತು ಕಟ್ಟಲಾಗದವರು ಅದಕ್ಕಿಂತ ಜಾಸ್ತಿ ಇದ್ದಾರೆ. ವಸೂಲಾಗದ ಸಾಲದ ಪಟ್ಟಿ ಉದ್ದವಾದರೆ ಮೇಲಿನವರು ಕೇಳುವುದು ಮ್ಯಾನೇಜರನ್ನೇ. ಶಾಖೆಯಲ್ಲಿ ಸಿಬ್ಬಂದಿ ಕಡಿಮೆ. ಹೊಸದಾಗಿ ವರ್ಗವಾಗಿ ಬಂದ ಹುಡುಗ ಅಧಿಕಾರಿಗೆ ಕನ್ನಡ ಬಾರದು, ಈಕೆಗೆ ಹಿಂದಿ ಬಾರದು. ನಡುವೆ ಜವಾನನೇ ದುಭಾಷಿ.

ಸಾಲ ತೆಗೆದವರಿಗೂ ಒಂದು ಮಾತು. ಅರಿವು ಸಾಲದ ದುಡ್ಡು ಸುತ್ತುವ ದುಡ್ಡು. ಒಬ್ಬ ಕಟ್ಟಿದರೆ ಇನ್ನೊಬ್ಬನಿಗೆ ದಾರಿ. ಶೇ. 2ಕ್ಕೆ ಸಿಕ್ಕಿದ ಹಣ ಸರಕಾರದ್ದು, ಕಟ್ಟದಿದ್ದರೂ ನಡೆಯುತ್ತದೆ ಎಂದು ಕುಳಿತರೆ ಮುಂದಿನ ವರ್ಷ ಸೀಟು ಸಿಕ್ಕ ಪಕ್ಕದ ಮನೆ ಹುಡುಗಿಯ ಅನ್ನ ಕಿತ್ತುಕೊಂಡ ಹಾಗೆ.

ಆದರೆ ಖಾತರಿ ನಿಧಿ ಇರುವುದೇ ಬ್ಯಾಂಕಿನ ಈ ಭಯಕ್ಕೆ ಔಷಧಿಯಾಗಿ. ಔಷಧಿ ಕಪಾಟಿನಲ್ಲಿಟ್ಟುಕೊಂಡು ಜ್ವರ ಜ್ವರ ಎಂದರೆ ಏನು ಹೇಳುವುದು?

ಬೇರೆಯವರು ಮಾಡಿದ್ದಾರೆ

ಬಿಹಾರ ಎಂದರೆ ಮೂಗು ಮುರಿಯುವವರು ಇದನ್ನು ಓದಬೇಕು. 2016ರ ಗಾಂಧಿ ಜಯಂತಿಯಂದು ಅಲ್ಲಿ ವಿದ್ಯಾರ್ಥಿ ಕ್ರೆಡಿಟ್ ಕಾರ್ಡು ಶುರುವಾಯಿತು. 4 ಲಕ್ಷದವರೆಗೆ ಸಾಲ. ಬ್ಯಾಂಕುಗಳು ಹಿಂದೇಟು ಹಾಕಿದಾಗ ಸರಕಾರ ತನ್ನದೇ ಶಿಕ್ಷಣ ಹಣಕಾಸು ನಿಗಮ ಕಟ್ಟಿ ತಾನೇ ಕೊಡತೊಡಗಿತು. ಪಶ್ಚಿಮ ಬಂಗಾಳ 2021ರಲ್ಲಿ 10 ಲಕ್ಷದವರೆಗೆ ಶೇ. 4ರ ಸರಳ ಬಡ್ಡಿಗೆ ಕೊಡುವ ಕಾರ್ಡು ತಂದಿತು. ಜಾಮೀನು ಸರಕಾರದ್ದು. ಕೇರಳ 2017ರಲ್ಲಿ ಕಂತು ಕಟ್ಟಲಾಗದೆ ಒದ್ದಾಡುತ್ತಿದ್ದವರ ಮರುಪಾವತಿಗೇ ಹೆಗಲು ಕೊಡುವ ಯೋಜನೆ ಮಾಡಿತು.

ಅಲ್ಲೆಲ್ಲ ಹುಳುಕಿಲ್ಲ ಎಂದಲ್ಲ. ಆದರೆ ಬಿಹಾರದ ಹುಡುಗ ತಾನು ಯಾವ ಜಾತಿಯ ಯಾವ ನಿಗಮಕ್ಕೆ ಸೇರಿದವನೆಂದು ಮೊದಲು ಹುಡುಕಬೇಕಾಗಿಲ್ಲ. ಜಿಲ್ಲೆಗೊಂದು ನೋಂದಣಿ ಕೇಂದ್ರ ಇದೆ. ಹೋಗುವ ಬಾಗಿಲು ಒಂದೇ.

ದಾವಣಗೆರೆಗೆ ಇದು ಹೊಸದಲ್ಲ

ಈ ಊರಿಗೆ ವಿದ್ಯೆ ಬಂದದ್ದು ಬರೀ ಸರಕಾರದಿಂದಲ್ಲ. 1951ರಲ್ಲಿ ಶುರುವಾದ ಬಿಡಿಟಿ ಇಂಜಿನಿಯರಿಂಗ್ ಕಾಲೇಜಿನ ಹೆಸರನ್ನೇ ನೋಡಿ. ಬಿಡಿಟಿ ಎಂದರೆ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್. ದಾನ ಕೊಟ್ಟವರ ಹೆಸರು ಅದು. ಇಂಥವರ ಕೈಯಿಂದ ಕಾಲೇಜು ಎದ್ದಿತು. ವಾರಾನ್ನ ಹಾಕಿ ಓದಿಸಿದ ಮನೆಗಳು, ಹಾಸ್ಟೆಲು ನಡೆಸಿದ ಮಠಗಳು ನಾಡಿನ ತುಂಬ ಇದ್ದವು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಉಂಡು ಓದಿದ ಹುಡುಗರು ಜಡ್ಜ್ ಆದರು, ಡಾಕ್ಟರ್ ಆದರು. ಅವರಿಗೆ ಜಾಮೀನು ಕೇಳಿದವರಿರಲಿಲ್ಲ.

ಇವತ್ತು ವಾರಾನ್ನ ಬೇಕಾಗಿಲ್ಲ. ಬೇಕಾಗಿರುವುದು ಎರಡು. ಒಂದು, ದಾರಿ ತೋರುವವರು. ಇನ್ನೊಂದು, ಸೀಟು ಸಿಕ್ಕ ದಿನದಿಂದ ಸಾಲ ಕೈಗೆ ಬರುವ ದಿನದವರೆಗಿನ ತಿಂಗಳೊಪ್ಪತ್ತಿಗೆ ಕೈಗಡ. ಎಷ್ಟೋ ಸೀಟುಗಳು ಬಡತನದಿಂದ ಹೋಗುವುದಕ್ಕಿಂತ ಈ ಒಂದು ತಿಂಗಳಿನಿಂದ ಹೋಗುತ್ತವೆ.

ಇಷ್ಟು ಮಾಡಿದರೆ ಸಾಕು

ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ ಹೊಸ ಕಾನೂನೂ ಬೇಡ, ವಿಧಾನಸೌಧದ ಅಪ್ಪಣೆಯೂ ಬೇಡ. ಸಿಇಟಿ ಫಲಿತಾಂಶದಿಂದ ಪ್ರವೇಶ ಮುಗಿಯುವವರೆಗೆ ಆರೂ ತಾಲೂಕು ಕೇಂದ್ರಗಳಲ್ಲಿ, ಬಸ್ ಸ್ಟ್ಯಾಂಡಿನ ಹತ್ತಿರವೇ, ಒಂದು ಮೇಜು ಹಾಕಿಸಲಿ. ಲೀಡ್ ಬ್ಯಾಂಕಿನವರೊಬ್ಬರು, ಹಿಂದುಳಿದ ವರ್ಗದ ಇಲಾಖೆಯವರೊಬ್ಬರು, ಸಮಾಜ ಕಲ್ಯಾಣದವರೊಬ್ಬರು, ಅಲ್ಪಸಂಖ್ಯಾತರ ಕಚೇರಿಯವರೊಬ್ಬರು, ನಾಡಕಚೇರಿಯವರೊಬ್ಬರು ವಾರಕ್ಕೆರಡು ದಿನ ಕೂರಲಿ. ಬಂದವರ ಅರ್ಜಿ ಅಲ್ಲೇ ತುಂಬಿಸಿ ಸ್ವೀಕೃತಿ ಚೀಟಿ ಕೊಡಲಿ.

ಎರಡನೆಯದು, ಪ್ರತಿ ಬ್ಯಾಂಕ್ ಶಾಖೆಯ ಬಾಗಿಲಲ್ಲಿ ದಪ್ಪಕ್ಷರದ ಕನ್ನಡ ಬೋರ್ಡು: "4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ, ಜಾಮೀನು ಬೇಡ. ವರಮಾನ 4.5 ಲಕ್ಷದೊಳಗಿದ್ದರೆ ಬಡ್ಡಿ ಸಹಾಯಧನ ಕೇಳಿ ಪಡೆಯಿರಿ." ಸಾಲದ ಮೇಳಕ್ಕೆ ಹಾಕುವ ಒಂದು ಫ್ಲೆಕ್ಸಿನ ಖರ್ಚು ಕೂಡ ಆಗುವುದಿಲ್ಲ.

ಮೂರನೆಯದು ಕಾಲೇಜುಗಳಿಗೆ. ಬ್ಯಾಂಕಿನ ಮಂಜೂರಾತಿ ಪತ್ರ ತೋರಿಸಿದ ಹುಡುಗನಿಗೆ ಹಣ ಬರುವವರೆಗೆ ತಡೆದುಕೊಳ್ಳಿ. ಹಣ ಬರುವುದು ನಿಮ್ಮ ಖಾತೆಗೇ ತಾನೇ?

ನಾಲ್ಕನೆಯದು ಪೇಟೆಯವರಿಗೆ. ಗಣಪತಿ ಪೆಂಡಾಲಿಗೆ, ಜಾತ್ರೆಗೆ ಕೊಡುವ ಕೈ ದಾವಣಗೆರೆ ವರ್ತಕರದು. ವರ್ತಕರ ಸಂಘಗಳು ಸೇರಿ ಒಂದು ಸಣ್ಣ ನಿಧಿ ಮಾಡಿ, ಸಾಲ ಮಂಜೂರಾದ ಮಕ್ಕಳಿಗೆ ಒಂದು ತಿಂಗಳ ಮಟ್ಟಿಗೆ ಬಡ್ಡಿಯಿಲ್ಲದ ಕೈಗಡ ಕೊಟ್ಟರೆ ತವನಪ್ಪನವರ ಊರು ಎಂಬ ಹೆಸರು ಉಳಿಯುತ್ತದೆ.

ಅಷ್ಟರವರೆಗೆ ತಾಯಂದಿರು ಮಾಡಬೇಕಾದದ್ದು ಇಷ್ಟು. ಬ್ಯಾಂಕಿಗೆ ಅರ್ಜಿಯನ್ನು ಬರಹದಲ್ಲೇ ಕೊಡಿ, ಸೀಲು ಹಾಕಿಸಿಕೊಳ್ಳಿ. ಇಲ್ಲ ಎಂದರೆ ಕಾರಣ ಬರೆದುಕೊಡಿ ಎನ್ನಿ. ಬ್ಯಾಂಕಿಗೆ ಬರೆದ ದೂರಿಗೆ ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಮಾಹಿತಿಗೆ 14448 ನಂಬರು ಇದೆ.

ಇನ್ನು ಮಂಡಿಪೇಟೆ ಸಾಹುಕಾರರು. ಅವರು ಹೆದರಬೇಕಾಗಿಲ್ಲ. ಜಾಮೀನು ಪತ್ರಕ್ಕೆ ಅವರ ಸಹಿ ಬೇಡ. ಬಸ್ ಸ್ಟ್ಯಾಂಡಿನಲ್ಲಿ ಆ ಮೇಜು ಹಾಕಿಸಿ ಎಂದು ಜಿಲ್ಲಾಧಿಕಾರಿಗಳಿಗೆ ಬರೆಯುವ ಮನವಿ ಪತ್ರ ಇದೆಯಲ್ಲ, ಅದಕ್ಕೊಂದು ಸಹಿ ಹಾಕಲಿ. ಅದಕ್ಕೆ ನೋಟಿಸು ಬರುವುದಿಲ್ಲ.